ಬ್ಯಾಂಟ್ರಿ ಕೊಲ್ಲಿ, ಡಿಸೆಂಬರ್ 1796: ಫ್ರೆಂಚರ ದಂಡಯಾತ್ರೆಯನ್ನು ಕೆಡಿಸಿದ್ದು ಗಾಳಿಯೊಂದೇ ಏನು?

ಧಾರವಾಡದ ಓದುಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮೇಲೆ ಕಡಲಿನಿಂದ ಹೊರಟು ಕೈಗೂಡದೆ ಹೋದ ದಂಡಯಾತ್ರೆ ಎಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಶಾಲೆಯಲ್ಲಿ ಓದಿದ 1588ರ ಸ್ಪೇನಿನ ಆರ್ಮಡಾ ನೆನಪಾಗುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕೆಲವು ತಿಂಗಳಿಂದ ನಾನು ಓದುತ್ತಿರುವುದು ಅದಕ್ಕಿಂತ ಇನ್ನೂರೆಂಟು ವರ್ಷ ಈಚಿನ ಒಂದು ಪ್ರಸಂಗವನ್ನು. 1796ರ ಡಿಸೆಂಬರಿನಲ್ಲಿ ಫ್ರಾನ್ಸು ಸುಮಾರು 15,000 ಸೈನಿಕರನ್ನು ನಲವತ್ತಕ್ಕೂ ಹೆಚ್ಚು ಹಡಗುಗಳಲ್ಲಿ ತುಂಬಿ ಐರ್ಲೆಂಡಿಗೆ ಕಳಿಸಿತು. ಅವುಗಳಲ್ಲಿ ಒಂದು ಪಾಲು ಆ ದ್ವೀಪದ ನೈಋತ್ಯ ಮೂಲೆಯ ಬ್ಯಾಂಟ್ರಿ ಕೊಲ್ಲಿಯೊಳಗೆ ಹೋಗಿ ಲಂಗರು ಹಾಕಿತು, ದಿನಗಟ್ಟಲೆ ಅಲ್ಲಿಯೇ ನಿಂತಿತು, ಸೈನ್ಯವನ್ನು ದಡಕ್ಕಿಳಿಸದೆ ಹಿಂತಿರುಗಿತು. ಅದನ್ನು ತಡೆಯಲು ಆ ಕೊಲ್ಲಿಯಲ್ಲಿ ಬ್ರಿಟಿಷರ ಒಂದು ಯುದ್ಧನೌಕೆಯೂ ಇರಲಿಲ್ಲ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1795ರ ಬೇಸಿಗೆಯಲ್ಲಿ ಬ್ರಿಟಿಷರು ಫ್ರಾನ್ಸಿನಿಂದ ಓಡಿಬಂದಿದ್ದ ರಾಜಪಕ್ಷದವರನ್ನು ತಮ್ಮ ಹಡಗುಗಳಲ್ಲಿ ತಂದು ಬ್ರಿಟನಿ ಪ್ರಾಂತದ ಕಿಬರಾನ್‌ನಲ್ಲಿ ಇಳಿಸಿದ್ದರು. ಅವರನ್ನು ಬಗ್ಗುಬಡಿದವನು ಲಾಜಾರ್ ಓಶ್ ಎಂಬ ತರುಣ ಸೇನಾನಿ. ಅದೇ ಮದ್ದನ್ನು ಬ್ರಿಟಿಷರಿಗೂ ಕುಡಿಸಬೇಕೆಂಬ ಹಟ ಅವನಲ್ಲಿ ಬೇರೂರಿತು. ಇತ್ತ ಡಬ್ಲಿನ್ನಿನ ವಕೀಲ, ಐರ್ಲೆಂಡನ್ನು ಬ್ರಿಟಿಷರ ಹಿಡಿತದಿಂದ ಬಿಡಿಸಲು ಹೊರಟ ಯುನೈಟೆಡ್ ಐರಿಷ್‌ಮನ್ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬನಾದ ವುಲ್ಫ್ ಟೋನ್ 1796ರ ಫೆಬ್ರವರಿಯಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಬಂದು, ನೀವು ಸೈನ್ಯ ಇಳಿಸಿದರೆ ಸಾಕು, ಐರಿಷ್ ಜನ ತಾವಾಗಿಯೇ ಎದ್ದು ನಿಲ್ಲುತ್ತಾರೆಂದು ಅಲ್ಲಿನ ಮಂತ್ರಿಗಳ ಮನೆಬಾಗಿಲು ತಟ್ಟುತ್ತಿದ್ದ. ಇಬ್ಬರ ಆಸೆಯೂ ಒಂದೆಡೆ ಕೂಡಿತು. ಹದಿನೇಳು ದೊಡ್ಡ ಯುದ್ಧನೌಕೆಗಳು, ಅವಕ್ಕಿಂತ ಚಿಕ್ಕದಾದ, ಬೇಗ ಓಡುವ ಹದಿಮೂರು ಫ್ರಿಗೇಟುಗಳು, ಉಳಿದಂತೆ ಸಣ್ಣಪುಟ್ಟ ಹಡಗುಗಳು ಮತ್ತು ಸರಕಿನ ಹಡಗುಗಳು ಬ್ರೆಸ್ಟ್ ಬಂದರಿನಲ್ಲಿ ಸಿದ್ಧವಾದವು. ಐರಿಷರಿಗೆ ಹಂಚುವುದಕ್ಕೆಂದೇ ಸುಮಾರು 40,000 ಬಂದೂಕುಗಳನ್ನು ಹೇರಲಾಗಿತ್ತು.

ಡಿಸೆಂಬರ್ 16ರ ಮುಸ್ಸಂಜೆ ಹಡಗುಗಳು ಹೊರಟವು. ಮುಂದೆ ನಡೆದದ್ದನ್ನು ಒಂದೇ ಸಾಲಿನಲ್ಲಿ ಬರೆಯುವವರು ‘ಬಿರುಗಾಳಿ ಬಂತು, ಇಂಗ್ಲೆಂಡ್ ಉಳಿಯಿತು’ ಎನ್ನುತ್ತಾರೆ. ಆರ್ಮಡಾದ ನಂತರ ಇಂಗ್ಲೆಂಡ್ ಇಷ್ಟು ಕೂದಲೆಳೆಯಲ್ಲಿ ಪಾರಾದದ್ದು ಇದೇ ಮೊದಲೆಂದು ಟೋನ್ ಕೂಡ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆದರೆ ಓದುತ್ತ ಹೋದಂತೆ ಗಾಳಿಯ ತಲೆಯ ಮೇಲೆ ಇಷ್ಟು ದೊಡ್ಡ ಹೊರೆಯನ್ನು ಹೊರಿಸುವುದು ನ್ಯಾಯವೇ ಎಂಬ ಅನುಮಾನ ನನಗೆ ಬಂದಿದೆ. ಕಡಲನ್ನು ಬಲ್ಲವರು ಈ ವೇದಿಕೆಯಲ್ಲಿ ಇದ್ದಾರೆ, ನಾನು ಬಯಲುಸೀಮೆಯವನು. ತಿಳಿಸಿಕೊಡಬೇಕು.

ಕುಂದಾಪುರದ ನಾವಿಕ

ಪ್ರಶ್ನೆ ಚೆನ್ನಾಗಿದೆ, ಆದರೆ ಗಾಳಿಯನ್ನು ಹಗುರವಾಗಿ ಎಣಿಸಬೇಡಿ. ನಾನು ಸರಕಿನ ಹಡಗುಗಳಲ್ಲಿ ದುಡಿದು ನಿವೃತ್ತನಾದವನು, ಇಂಜಿನ್ನಿನ ಕಾಲದವನು. ನನ್ನ ಅಜ್ಜ ಹಾಯಿಯ ಕಾಲದವರು. ಹಂಚು ಹೇರಿಕೊಂಡು ಮುಂಬಯಿಗೆ ಹೋಗುವ ಮಚವೆಯಲ್ಲಿದ್ದರು. ಬೆಳಗಿನ ಜಾವದ ನೆಲಗಾಳಿಯಲ್ಲಿ ಅಳಿವೆ ದಾಟಿ ಹೊರಡಬೇಕು, ಮಧ್ಯಾಹ್ನದ ಮೇಲಿನ ಕಡಲಗಾಳಿಯಲ್ಲಿ ಒಳಗೆ ಬರಬೇಕು, ಅದು ತಪ್ಪಿದರೆ ಮನೆಯ ಮಾಡು ಕಾಣುತ್ತಿದ್ದರೂ ಹೊರಗೇ ಲಂಗರು ಹಾಕಿ ರಾತ್ರಿ ಕಳೆಯಬೇಕು ಎಂದು ಅವರು ಹೇಳುತ್ತಿದ್ದರು. ಮನೆ ಕಾಣುವಷ್ಟು ಹತ್ತಿರ ಬಂದು ಒಳಗೆ ಹೋಗಲಾಗದಿರುವುದು ಎಂದರೇನೆಂದು ಹಾಯಿ ಕಟ್ಟಿದವರಿಗೆ ಮಾತ್ರ ಗೊತ್ತು.

ಬ್ಯಾಂಟ್ರಿ ಕೊಲ್ಲಿಯ ನಕ್ಷೆಯನ್ನು ತೆಗೆದು ನೋಡಿ. ಬಾಯಿ ಪಡುವಣಕ್ಕೆ ತೆರೆದಿದೆ, ಒಡಲು ಮೂಡಣಕ್ಕೆ ಚಾಚಿದೆ, ಉದ್ದ ಸುಮಾರು 35 ಕಿಲೋಮೀಟರ್, ಒಳಗೆ ಹೋದಂತೆ ಅಗಲ ಕಡಿಮೆಯಾಗುತ್ತದೆ. ಅಟ್ಲಾಂಟಿಕ್‌ನ ಆ ತೀರದಲ್ಲಿ ಸಾಮಾನ್ಯವಾಗಿ ಬೀಸುವುದು ಪಡುವಣ ಗಾಳಿ, ಅದಿದ್ದಿದ್ದರೆ ಹಡಗುಗಳು ಒಂದು ಮಧ್ಯಾಹ್ನದಲ್ಲಿ ಕೊಲ್ಲಿಯ ತುದಿ ಮುಟ್ಟುತ್ತಿದ್ದವು. ಆ ವಾರ ಬೀಸಿದ್ದು ಮೂಡುಗಾಳಿ, ನೆಟ್ಟಗೆ ಮುಖಕ್ಕೆ. ಅಡ್ಡಮರಕ್ಕೆ ಚೌಕನೆಯ ಹಾಯಿ ಕಟ್ಟಿದ ಆ ಕಾಲದ ಯುದ್ಧನೌಕೆ ಗಾಳಿ ಬರುವ ದಿಕ್ಕಿಗೆ ಅರುವತ್ತು ಎಪ್ಪತ್ತು ಡಿಗ್ರಿಗಿಂತ ಹತ್ತಿರ ಮುಖ ಮಾಡಲಾರದು. ಅಂದರೆ ಎದುರುಗಾಳಿಯಲ್ಲಿ ಮುಂದೆ ಹೋಗಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಓಡುತ್ತ, ಪ್ರತಿ ತಿರುವಿನಲ್ಲೂ ನೂರಾರು ಜನ ಹಗ್ಗಗಳನ್ನು ಎಳೆದು ಹಾಯಿಗಳನ್ನು ಮಗ್ಗುಲು ಬದಲಿಸುತ್ತ ಇಂಚಿಂಚಾಗಿ ಏರಬೇಕು. ಅಗಲ ಕಡಿಮೆಯಿದ್ದು ಪಕ್ಕದಲ್ಲಿ ಇನ್ನೂ ಹಡಗುಗಳಿದ್ದರೆ ಡಿಕ್ಕಿಯ ಭಯ ಬೇರೆ. ಮುನ್ನೂರು ಸಲ ಮಗ್ಗುಲು ಬದಲಿಸಿದರೂ ನೂರು ಗಜ ಮುಂದೆ ಹೋಗಿಲ್ಲವೆಂಬ ಅರ್ಥದ ಮಾತನ್ನು ಟೋನ್ ಬರೆದಿರುವುದು ಉತ್ಪ್ರೇಕ್ಷೆಯಾಗಿ ನಿಮಗೆ ಕಾಣಬಹುದು, ನನಗೆ ಕಾಣುವುದಿಲ್ಲ.

ಸಂಶಯಾತ್ಮ

ನಾವಿಕರ ಮಾತನ್ನು ಒಪ್ಪುತ್ತೇನೆ, ಆದರೆ ಗಾಳಿ ಕೆಟ್ಟದ್ದು ಡಿಸೆಂಬರ್ 22ರಿಂದ ಈಚೆಗೆ. ಕೆಲಸ ಕೆಟ್ಟದ್ದು 16ರ ರಾತ್ರಿಯೇ, ಅದೂ ಬಂದರಿನ ಬಾಗಿಲಲ್ಲಿ.

ನೌಕಾಪಡೆಯ ಮುಖ್ಯಸ್ಥ ಮೊರಾರ್ ದ ಗಾಲ್ ಬ್ರಿಟಿಷ್ ಕಾವಲಿನ ಕಣ್ಣು ತಪ್ಪಿಸುವುದಕ್ಕಾಗಿ ರಾ ದ ಸೇನ್ ಎಂಬ ಕಿರಿದಾದ, ಬಂಡೆಗಳಿಂದ ತುಂಬಿದ ದಕ್ಷಿಣದ ದಾರಿಯಿಂದ ಹೋಗಲು ಆಜ್ಞೆ ಕೊಟ್ಟಿದ್ದ. ಕತ್ತಲಾಗುತ್ತ ಬಂದಾಗ ಮನಸ್ಸು ಬದಲಿಸಿ, ಅಗಲವಾದ ನಡುದಾರಿಯಿಂದ ಹೊರಡಬೇಕೆಂದು ಸಂಕೇತ ತೋರಿಸಿದ. ನಲವತ್ತು ಹಡಗುಗಳಿಗೆ ಕತ್ತಲಲ್ಲಿ ದಾರಿ ಬದಲಾದದ್ದನ್ನು ತಿಳಿಸುವುದು ಹೇಗೆ? ದೀಪ, ತೋಪು, ಆಕಾಶಬಾಣ. ಅಷ್ಟರಲ್ಲಿ ಎಡ್ವರ್ಡ್ ಪೆಲ್ಯೂ ಎಂಬ ಬ್ರಿಟಿಷ್ ಕಪ್ತಾನ ತನ್ನ ಇಂಡಿಫ್ಯಾಟಿಗಬಲ್ ಫ್ರಿಗೇಟನ್ನು ಫ್ರೆಂಚ್ ಹಡಗುಗಳ ಸನಿಹಕ್ಕೇ ತಂದು, ತಾನೂ ಮನಸೋಇಚ್ಛೆ ತೋಪು ಹಾರಿಸಿ, ಬಾಣ ಬಿಟ್ಟು, ನೀಲಿ ದೀಪ ಉರಿಸಿದ. ಯಾವ ದೀಪ ಯಾರದು, ಯಾವ ತೋಪಿಗೆ ಏನರ್ಥ ಎಂದು ಒಬ್ಬರಿಗೂ ತಿಳಿಯದಂತಾಯಿತು. ಕೆಲವರು ಹಳೆಯ ಆಜ್ಞೆಯಂತೆ ದಕ್ಷಿಣಕ್ಕೆ ಹೋದರು, ಕೆಲವರು ಪಡುವಣಕ್ಕೆ ಹೋದರು. 74 ತೋಪುಗಳ ಸೆದ್ವಿಸಾನ್ ಬಂಡೆಗೆ ಬಡಿದು ನೂರಾರು ಜನ ಸತ್ತರು. ಸಾಯುವವರು ನೆರವಿಗಾಗಿ ಹಾರಿಸಿದ ತೋಪುಗಳೂ ಆ ಗೊಂದಲದಲ್ಲಿ ಇನ್ನೊಂದು ಸಂಕೇತದಂತೆ ಕೇಳಿಸಿದವು.

ಬೆಳಗಾಗುವಷ್ಟರಲ್ಲಿ ಕಾಣೆಯಾಗಿದ್ದ ಹಡಗುಗಳಲ್ಲಿ ಫ್ರತೆರ್ನಿತೆ ಎಂಬ ಫ್ರಿಗೇಟೂ ಒಂದು. ಅದರಲ್ಲಿ ಇದ್ದವರು ನೌಕಾಪಡೆಯ ಮುಖ್ಯಸ್ಥ ಮೊರಾರ್ ಮತ್ತು ಭೂಸೇನೆಯ ಮುಖ್ಯಸ್ಥ ಓಶ್, ಇಬ್ಬರೂ. ಬೇಗ ಓಡುವ ಹಡಗಿನಲ್ಲಿ ಇದ್ದರೆ ಪಡೆಯ ತುಂಬ ಓಡಾಡಿ ಮೇಲ್ವಿಚಾರಣೆ ಮಾಡಬಹುದು ಎಂಬ ಲೆಕ್ಕಾಚಾರದಿಂದ ಹಿರಿಯರೆಲ್ಲ ದೊಡ್ಡ ಹಡಗುಗಳನ್ನು ಬಿಟ್ಟು ಫ್ರಿಗೇಟು ಏರಿದ್ದರು. ಇಬ್ಬರನ್ನೂ ಒಂದೇ ಹಡಗಿನಲ್ಲಿ ಕೂರಿಸಿದ್ದು ಯಾರ ಬುದ್ಧಿಯೋ! ಮನೆಯ ಬೀಗದ ಕೈಗಳನ್ನೆಲ್ಲ ಒಂದೇ ಜೇಬಿನಲ್ಲಿ ಹಾಕಿಕೊಂಡು ಜಾತ್ರೆಗೆ ಹೋದ ಹಾಗೆ. ಆ ಫ್ರಿಗೇಟು ಮಂಜಿನಲ್ಲಿ ದಾರಿ ತಪ್ಪಿತು, ಬ್ರಿಟಿಷ್ ಹಡಗೊಂದು ಬೆನ್ನಟ್ಟಿದ್ದರಿಂದ ಅಟ್ಲಾಂಟಿಕ್‌ನ ಒಳಕ್ಕೆ ಓಡಿತು, ಓಶ್‌ಗೆ ಬ್ಯಾಂಟ್ರಿಯ ನೆಲ ಕಾಣಿಸಲೇ ಇಲ್ಲ.

ತುಮಕೂರಿನವಳು

ಸಂಶಯಾತ್ಮ ಅವರೇ, ನನ್ನದೊಂದು ಸಣ್ಣ ಪ್ರಶ್ನೆ. ಮುಖ್ಯಸ್ಥರು ಕಾಣೆಯಾದರೂ ಉಳಿದವರು ಬ್ಯಾಂಟ್ರಿಯನ್ನು ಮುಟ್ಟಿದರಲ್ಲ, ಅಲ್ಲಿ ಅವರಿಗೆ ಕಾಯುವ ಅಗತ್ಯವೇನಿತ್ತು? ಬ್ರಿಟಿಷ್ ನೌಕಾಪಡೆ ಎಲ್ಲಿ ಹೋಗಿತ್ತು?

ಸಂಶಯಾತ್ಮ

ಎರಡನೆಯದು ಸುಲಭ. ಬ್ರೆಸ್ಟಿನ ಹೊರಗೆ ಕಾಯುತ್ತಿದ್ದ ಕಾಲ್ಪಾಯ್ಸ್‌ನ ಪಡೆ ಗಾಳಿಗೆ ಸಿಕ್ಕಿ ದೂರ ಸರಿದಿತ್ತು. ಮುಖ್ಯ ಪಡೆ ಚಳಿಗಾಲವೆಂದು ಪೋರ್ಟ್ಸ್‌ಮತ್ ಬಳಿ ಬೆಚ್ಚಗೆ ನಿಂತಿತ್ತು, ಅದರ ದಳಪತಿ ಬ್ರಿಡ್‌ಪೋರ್ಟ್ ಕಡಲಿಗಿಳಿದದ್ದು ಜನವರಿ 3ಕ್ಕೆ. ಅಷ್ಟರಲ್ಲಿ ಫ್ರೆಂಚರು ಬಂದೂ ಆಗಿತ್ತು, ಬಹುಮಟ್ಟಿಗೆ ಹೋಗಿಯೂ ಆಗಿತ್ತು. ಈ ಪ್ರಸಂಗದಲ್ಲಿ ಬ್ರಿಟಿಷ್ ನೌಕಾಪಡೆಗೆ ಹೊಗಳಿಕೆ ಸಲ್ಲಬೇಕಾದರೆ ಅದು ಪೆಲ್ಯೂ ಒಬ್ಬನಿಗೆ.

ಮೊದಲನೆಯ ಪ್ರಶ್ನೆಯೇ ಈ ಚರ್ಚೆಯ ಗಂಟು. ಗುಟ್ಟು ರಟ್ಟಾಗದಿರಲೆಂದು ಕಪ್ತಾನರಿಗೆ ಗುರಿ ಯಾವುದೆಂದು ಮೊದಲೇ ಹೇಳಿರಲಿಲ್ಲ. ಮುಖ್ಯಸ್ಥರು ಕಾಣೆಯಾದಾಗ ಒಡೆಯಬೇಕಾದ ಮುದ್ರೆಯ ಲಕೋಟೆ ಇತ್ತು. ಎರಡನೆಯ ಸ್ಥಾನದಲ್ಲಿದ್ದ ಬೂವೆ ಅದನ್ನು ಒಡೆದು ಓದಿದ. ಅದರಲ್ಲಿದ್ದ ಆಜ್ಞೆಯ ತಿರುಳು ಇಷ್ಟು: ಮಿಜೆನ್ ಭೂಶಿರದ ಬಳಿ ಐದು ದಿನ ಸುತ್ತಾಡುತ್ತ ಕಾಯಬೇಕು, ಆಮೇಲೆ ಶ್ಯಾನನ್ ನದಿಯ ಮುಖದ ಕಡೆಗೆ ಹೋಗಬೇಕು. ಮುಖ್ಯಸ್ಥರು ಬಾರದೇ ಹೋದರೆ ಸೈನ್ಯವನ್ನು ಇಳಿಸಿ ಯುದ್ಧ ಮಾಡು ಎಂದು ಅದು ಹೇಳಿರಲಿಲ್ಲ. ಡಿಸೆಂಬರ್ 21ರಂದು ಮೂವತ್ತಕ್ಕೂ ಹೆಚ್ಚು ಹಡಗುಗಳು ಐರ್ಲೆಂಡಿನ ತೀರವನ್ನು ಕಂಡವು. ಬಿಸ್ಕತ್ತು ಎಸೆದರೆ ದಡಕ್ಕೆ ಬೀಳುವಷ್ಟು ಹತ್ತಿರವಿದ್ದೆವೆಂದು ಟೋನ್ ಬರೆದದ್ದು ಈ ದಿನಗಳ ಬಗೆಗೇ. ಬ್ರಿಟಿಷ್ ಹಡಗುಗಳೆಂದೇ ತಿಳಿದು ಸ್ಥಳೀಯ ಪೈಲಟ್‌ಗಳು ದೋಣಿಗಳಲ್ಲಿ ಬಂದು ದಾರಿ ತೋರಿಸಲು ಹಡಗು ಹತ್ತಿಯೂ ಬಿಟ್ಟಿದ್ದರು. ದಾರಿ ತೋರಿಸುವವರು ಕಾಲಬಳಿಗೇ ಬಂದಿದ್ದರು, ಆಜ್ಞೆ ಕೊಡುವವನು ಇರಲಿಲ್ಲ.

22ರಂದು ಬೂವೆ ಹದಿನೈದು ಹಡಗುಗಳೊಂದಿಗೆ ಕೊಲ್ಲಿಯೊಳಗೆ ಬೇರ್ ದ್ವೀಪದ ಬಳಿ ಲಂಗರು ಹಾಕಿದ. ಉಳಿದವು ಹೊರಗೇ ಉಳಿದು ಗಾಳಿಗೆ ಚದುರಿದವು. 24ರಂದು ಸಭೆ ಸೇರಿತು. ಸೇನೆಯ ಎರಡನೆಯ ಅಧಿಕಾರಿ ಗ್ರೂಶಿ, ಕೈಯಲ್ಲಿರುವ ಆರು ಸಾವಿರದಷ್ಟು ಜನರನ್ನೇ ಇಳಿಸೋಣವೆಂದು ತೀರ್ಮಾನಿಸಿದ. ಎರಡು ದಿನ ಯೋಚಿಸಿ ತೆಗೆದುಕೊಂಡ ಆ ತೀರ್ಮಾನದ ಬೆನ್ನಿಗೇ ಬಿರುಗಾಳಿ ಬಲವಾಯಿತು. ಗಾಳಿ ಮುಚ್ಚಿದ್ದು ನಿಜ, ಆದರೆ ತೆರೆದಿದ್ದ ಬಾಗಿಲಿನ ಹೊಸ್ತಿಲಲ್ಲಿ ಇವರು ಮೊದಲು ಕುಳಿತುಬಿಟ್ಟಿದ್ದರು.

ಅಂದಹಾಗೆ, 1815ರಲ್ಲಿ ವಾಟರ್‌ಲೂ ರಣಭೂಮಿಗೆ ಸಮಯಕ್ಕೆ ಬಾರದೆ ಅಪಕೀರ್ತಿ ಹೊತ್ತವನು ಇದೇ ಗ್ರೂಶಿ. ಆದರೆ ಬ್ಯಾಂಟ್ರಿಯಲ್ಲಿ ಇಳಿಯೋಣ ಎಂದವನು ಅವನೇ ಎಂಬುದನ್ನು ಅವನನ್ನು ಬಯ್ಯುವವರು ಮರೆಯುತ್ತಾರೆ.

ಕಾರ್ಕ್‌ನಲ್ಲಿರುವ ಕನ್ನಡಿಗ

ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಕಾರ್ಕ್ ನಗರದಲ್ಲಿದ್ದೇನೆ, ಬ್ಯಾಂಟ್ರಿಗೆ ಎರಡು ಸಲ ಹೋಗಿಬಂದಿದ್ದೇನೆ. ಊರಿನ ಚೌಕಕ್ಕೆ ಇಂದು ವುಲ್ಫ್ ಟೋನ್‌ನ ಹೆಸರಿದೆ, ಅಲ್ಲಿ ಅವನ ಪ್ರತಿಮೆಯೂ ಇದೆ. ಬದುಕಿದ್ದಾಗ ಅವನು ಆ ಡಿಸೆಂಬರಿನಲ್ಲಿ ಈ ಊರಿನೊಳಕ್ಕೆ ಕಾಲಿಡಲು ಆಗಲಿಲ್ಲವೆಂಬುದನ್ನು ನೆನೆದರೆ ವಿಚಿತ್ರ ಎನಿಸುತ್ತದೆ.

ಎರಡನೆಯ ಸಲ ಹೋದದ್ದು ಡಿಸೆಂಬರಿನಲ್ಲಿಯೇ. ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲು. ಕೊಲ್ಲಿಯ ಉತ್ತರ ದಂಡೆಯಲ್ಲಿ ಕಾಹಾ ಬೆಟ್ಟಗಳ ಸಾಲು ನೀರಿನ ಅಂಚಿನಿಂದಲೇ ಎದ್ದು ನಿಂತಿದೆ, ಮರವಿಲ್ಲದ ಕಲ್ಲುಬೆಟ್ಟ. ಅಂದು ಮೂಡುಗಾಳಿಯಿತ್ತು. ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕಾಯಿತು, ನೀರಿನ ಮೇಲಿನ ನೊರೆ ಸಾಲುಸಾಲಾಗಿ ಕಡಲ ಕಡೆಗೆ ಓಡುತ್ತಿತ್ತು. ಆ ನೊರೆ ಓಡುವ ದಿಕ್ಕಿಗೆ ಎದುರಾಗಿ ಹಾಯಿಹಡಗನ್ನು ಒಳಗೆ ತರಬೇಕಿತ್ತೆಂದು ಕಣ್ಣಾರೆ ಕಂಡಾಗ ಕುಂದಾಪುರದ ನಾವಿಕರು ಬರೆದದ್ದು ಸರಿಯಾಗಿ ಅರ್ಥವಾಗುತ್ತದೆ.

ಊರಿನ ಅಂಚಿನಲ್ಲಿ ಬ್ಯಾಂಟ್ರಿ ಹೌಸ್ ಎಂಬ ದೊಡ್ಡ ಮನೆಯಿದೆ. ಆಗಿನ ಜಮೀನ್ದಾರ ರಿಚರ್ಡ್ ವೈಟ್ ಹಡಗುಗಳನ್ನು ಕಂಡು ಕಾರ್ಕ್‌ನಲ್ಲಿದ್ದ ಸೇನಾಧಿಕಾರಿಗೆ ಸುದ್ದಿ ಮುಟ್ಟಿಸಿ, ಸ್ಥಳೀಯ ಪಡೆಯನ್ನು ಒಟ್ಟುಗೂಡಿಸಿದ. ಆ ಸೇವೆಗೆಂದು 1797ರಲ್ಲಿ ಅವನಿಗೆ ಬ್ಯಾರನ್ ಪದವಿ ಸಿಕ್ಕಿತು. ನಡೆಯದೇ ಹೋದ ಯುದ್ಧದಲ್ಲಿ ಸ್ಪಷ್ಟವಾಗಿ ಲಾಭ ಪಡೆದವನು ಅವನೊಬ್ಬನೇ ಇರಬೇಕು.

ಶ್ರೀರಂಗಪಟ್ಟಣದ ಸೊಸೆ

ಚರ್ಚೆಯನ್ನು ನಮ್ಮ ಊರಿಗೆ ಎಳೆಯುತ್ತಿದ್ದೇನೆಂದು ಭಾವಿಸಬೇಡಿ, ನಂಟು ನಿಜವಾಗಿಯೂ ಇದೆ. ಮೊರಾರ್ ದ ಗಾಲ್ ಮತ್ತು ಬೂವೆ ಇಬ್ಬರೂ ತಮ್ಮ ಹಿಂದಿನ ವರ್ಷಗಳಲ್ಲಿ ಫ್ರೆಂಚ್ ನೌಕಾಧಿಪತಿ ಸುಫ್ರೆನ್‌ನ ಪಡೆಯಲ್ಲಿ ನಮ್ಮ ಸಮುದ್ರದಲ್ಲಿ ಕಾದಾಡಿದವರು. 1782ರಲ್ಲಿ ಕಡಲೂರಿನ ಬಳಿ ಹೈದರ್ ಅಲಿಯನ್ನು ಭೇಟಿಯಾದ ಅದೇ ಸುಫ್ರೆನ್. ಐರ್ಲೆಂಡಿನ ಯೋಜನೆಗೆ ಮೊದಲು ನೇಮಕವಾಗಿದ್ದ ನೌಕಾಧಿಪತಿ ವಿಲಾರೆ ದ ಜ್ವಾಯೋಸ್‌ಗೆ ಐರ್ಲೆಂಡಿಗಿಂತ ಭಾರತದ ಕಡೆ ದಂಡೆತ್ತಿ ಹೋಗುವುದರಲ್ಲೇ ಒಲವು ಹೆಚ್ಚು ಎಂದು ಓಶ್ ದೂರಿ, ಅವನನ್ನು ಬದಲಾಯಿಸಿ ಮೊರಾರ್‌ನನ್ನು ತರಲಾಯಿತು. ಬ್ರಿಟನ್ನನ್ನು ಎಲ್ಲಿ ಹೊಡೆಯಬೇಕೆಂಬ ವಿಚಾರದಲ್ಲಿ ಪ್ಯಾರಿಸ್ಸಿನವರಿಗೆ ಐರ್ಲೆಂಡು ಮತ್ತು ಭಾರತ ಎರಡೂ ಒಂದೇ ತಕ್ಕಡಿಯಲ್ಲಿದ್ದವು. ಫ್ರೆಂಚ್ ನೆರವಿಗಾಗಿ ಕಾದ ಟಿಪ್ಪುವಿಗೆ 1798ರ ಏಪ್ರಿಲಿನಲ್ಲಿ ಮಾರಿಷಸ್ಸಿನಿಂದ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು ಜನ. ಟೋನ್‌ಗೆ ಹದಿನೈದು ಸಾವಿರ ಸಿಕ್ಕಿತು, ಅವರು ಇಳಿಯಲಿಲ್ಲ. ಟಿಪ್ಪುವಿಗೆ ನೂರು ಸಿಕ್ಕಿತು, ಅವರು ಇಳಿದರು.

ಇನ್ನೊಂದು ಕೊಂಡಿ. 1798ರ ಆಗಸ್ಟಿನಲ್ಲಿ ಜನರಲ್ ಅಂಬೇರ್ ಸಾವಿರದಷ್ಟು ಫ್ರೆಂಚರೊಂದಿಗೆ ಐರ್ಲೆಂಡಿನ ಕಿಲ್ಲಾಲಾದಲ್ಲಿ ಇಳಿದೇ ಬಿಟ್ಟಾಗ ಅವನನ್ನು ಎದುರಿಸಿದ ವೈಸ್‌ರಾಯ್ ಯಾರು? ಆರು ವರ್ಷ ಹಿಂದೆ ಶ್ರೀರಂಗಪಟ್ಟಣದ ಕೋಟೆಯ ಹೊರಗೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಬರೆಸಿಕೊಂಡ ಕಾರ್ನ್‌ವಾಲಿಸ್.

ತುಮಕೂರಿನವಳು

ಶ್ರೀರಂಗಪಟ್ಟಣದ ಅಕ್ಕಾ, ಇದು ನನಗೆ ಹೊಸ ವಿಷಯ, ಧನ್ಯವಾದ. ಆದರೆ ಒಂದು ಅನುಮಾನ ಉಳಿದಿದೆ. ಓಶ್ ಬಂದು, ಗಾಳಿಯೂ ತಿರುಗಿ, ಹದಿನೈದು ಸಾವಿರ ಜನ ಇಳಿದಿದ್ದರೆಂದೇ ಇಟ್ಟುಕೊಳ್ಳೋಣ. ಟೋನ್ ಹೇಳಿದಂತೆ ಜನ ಎದ್ದು ನಿಲ್ಲುತ್ತಿದ್ದರೇ?

ಧಾರವಾಡದ ಓದುಗ

ನನ್ನ ಓದಿನ ಮಟ್ಟಿಗೆ ಹೇಳುವುದಾದರೆ, ಬ್ಯಾಂಟ್ರಿಯಲ್ಲಿ ಅಷ್ಟು ಸುಲಭವಾಗಿ ಏಳುತ್ತಿರಲಿಲ್ಲ. ಟೋನ್‌ನ ಸಂಘಟನೆಗೆ ಬಲವಿದ್ದದ್ದು ಬೆಲ್‌ಫಾಸ್ಟಿನಲ್ಲಿ, ಡಬ್ಲಿನ್ನಿನಲ್ಲಿ, ಉತ್ತರದ ಅಲ್ಸ್ಟರ್ ಪ್ರಾಂತದಲ್ಲಿ. ಹಡಗು ಹೋಗಿ ನಿಂತದ್ದು ದಕ್ಷಿಣದ ಮನ್‌ಸ್ಟರ್‌ನಲ್ಲಿ, ಸಂಘಟನೆಯ ಬೇರು ಇನ್ನೂ ಇಳಿಯದ ಕಡೆ. ಫ್ರೆಂಚರನ್ನು ಎದುರಿಸಲು ಹೊರಟ ಸರ್ಕಾರಿ ಸೈನಿಕರಿಗೆ ಅಲ್ಲಿನ ರೈತರು ರಸ್ತೆಯ ಹಿಮ ಸರಿಸಿಕೊಟ್ಟು, ಆಲೂಗೆಡ್ಡೆ ಹಂಚಿದರೆಂದು ಆ ಕಾಲದ ವರದಿಗಳಲ್ಲಿದೆ. ವರದಿ ಬರೆದವರು ಸರ್ಕಾರದ ಕಡೆಯವರು ಎಂಬುದನ್ನೂ ಮರೆಯಬಾರದು. ಇನ್ನೊಂದು ಕಡೆ, ಕಾರ್ಕ್ ನಗರವನ್ನು ಕಾಯಲು ಇದ್ದ ಸೈನ್ಯ ಓಶ್‌ನಂತಹ ಅನುಭವಿ ಸೇನಾನಿಯ ಹದಿನೈದು ಸಾವಿರ ಜನರೆದುರು ಹೆಚ್ಚು ಹೊತ್ತು ನಿಲ್ಲುವಂಥದ್ದಾಗಿರಲಿಲ್ಲ. ಬಂದರು, ಉಗ್ರಾಣಗಳು ಅವರ ಕೈಗೆ ಸಿಕ್ಕ ಮೇಲೆ ಜನರ ಮನಸ್ಸು ಯಾವ ಕಡೆ ವಾಲುತ್ತಿತ್ತೆಂಬುದು ಬೇರೆಯೇ ಪ್ರಶ್ನೆ.

ಸಂಶಯಾತ್ಮರ ವಾದ ನನ್ನನ್ನು ಬಹುಮಟ್ಟಿಗೆ ಒಪ್ಪಿಸಿದೆ. ಒಂದು ತಕರಾರು ಮಾತ್ರ ಇದೆ. 25ರ ರಾತ್ರಿ ಬೂವೆಯ ಇಮ್ಮೊರ್ತಾಲಿತೆ ಫ್ರಿಗೇಟು ಲಂಗರಿನ ಹಗ್ಗ ಕತ್ತರಿಸಿ ಕಡಲಿಗೆ ಹೋಯಿತು. ಗ್ರೂಶಿ ಅದೇ ಹಡಗಿನಲ್ಲಿದ್ದ, ಅವನ ಮಾತು ನಡೆಯಲಿಲ್ಲ. ಇನ್ನೊಂದು ಫ್ರಿಗೇಟು ಕತ್ತಲಲ್ಲಿ ಟೋನ್ ಇದ್ದ ಆಂದೊಂತಾಬ್ಲ್‌ನ ಪಕ್ಕದಲ್ಲಿ ಹಾದು, ತಕ್ಷಣ ಹೊರಡಬೇಕೆಂಬ ಆಜ್ಞೆಯನ್ನು ಕೂಗಿ ಹೇಳಿ ಹೋಯಿತು. ಆದರೂ ಆಂದೊಂತಾಬ್ಲ್ ಮತ್ತು ಇನ್ನು ಕೆಲವು ಹಡಗುಗಳು 29ರವರೆಗೆ ಅಲ್ಲಿಯೇ ಕಚ್ಚಿಕೊಂಡು ನಿಂತವು. ಅವು ನಿಲ್ಲಲು ಸಾಧ್ಯವಾಗಿದ್ದರೆ ಬೂವೆ ಓಡಿದ್ದೇಕೆ? ಅವನು ಜನವರಿ 1ಕ್ಕೆ ಬ್ರೆಸ್ಟ್ ಸೇರಿದಾಗ ಸರ್ಕಾರ ಅವನನ್ನು ಹುದ್ದೆಯಿಂದ ಇಳಿಸಿದ್ದು ತಪ್ಪೇ?

ಕುಂದಾಪುರದ ನಾವಿಕ

ಧಾರವಾಡದವರೇ, ಇಲ್ಲಿ ನಾನು ಬೂವೆಯ ಪರ ನಿಲ್ಲುತ್ತೇನೆ. ಲಂಗರು ಜಾರುವುದನ್ನು ನೀವು ನೋಡಿಲ್ಲ. ಮೊದಲು ಹಗ್ಗ ಬಿಗಿದು ನಡುಗುತ್ತದೆ, ಆಮೇಲೆ ತಳದಲ್ಲಿ ಲಂಗರು ಕಲ್ಲಿನ ಮೇಲೆ ಕೆರೆದುಕೊಂಡು ಬರುವುದು ಹಡಗಿನ ಮೈಯಲ್ಲೇ ಕಾಲಿಗೆ ತಿಳಿಯುತ್ತದೆ. ಕಣ್ಣಿಗೆ ಕಾಣುತ್ತಿದ್ದ ದಡದ ಗುರುತು ಮೆಲ್ಲಗೆ ಜಾಗ ಬದಲಿಸಿದಾಗ ಎದೆ ಒಡೆಯುತ್ತದೆ. ಕತ್ತಲು, ಹಿಮ, ಹಿಂದೆ ಬೇರ್ ದ್ವೀಪದ ಬಂಡೆ, ಸುತ್ತ ಬೇರೆ ಹಡಗುಗಳು. ಆ ಹೊತ್ತಿನಲ್ಲಿ ಹಗ್ಗ ಕತ್ತರಿಸುವುದು ಹೇಡಿತನವಲ್ಲ. ಬೇರೆ ಹಡಗು ನಿಂತಿತಲ್ಲ ಎನ್ನುತ್ತೀರಿ. ತಳದಲ್ಲಿ ಕೆಸರಿದ್ದರೆ ಲಂಗರು ಕಚ್ಚುತ್ತದೆ, ಕಲ್ಲಿದ್ದರೆ ಜಾರುತ್ತದೆ, ಎರಡಕ್ಕೂ ನಡುವೆ ನೂರು ಮಾರು ದೂರವಿದ್ದರೆ ಸಾಕು.

ಅವನ ತಪ್ಪು ಬೇರೆ ಇದೆ. ಗಾಳಿ ಇಳಿದ ಮೇಲೆ ಅವನು ಬ್ಯಾಂಟ್ರಿಗೆ ತಿರುಗಿ ಬರಲಿಲ್ಲ, ಶ್ಯಾನನ್ ಕಡೆಗೂ ಹೋಗಲಿಲ್ಲ, ನೇರ ಮನೆಯ ದಾರಿ ಹಿಡಿದ. ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ಸಂಶಯಾತ್ಮ

ನಾವಿಕರು ಹೇಳಿದ್ದು ನನ್ನ ವಾದಕ್ಕೆ ವಿರುದ್ಧವಲ್ಲ, ಪೂರಕ. ಇದೇ ಪಡೆಯ ಇನ್ನೊಂದು ಹಡಗಿನ ಕತೆಯನ್ನು ಇಲ್ಲಿ ಸೇರಿಸಬೇಕು. ದ್ರ್ವಾ ದ ಲೋಮ್, ಅಂದರೆ ‘ಮನುಷ್ಯನ ಹಕ್ಕುಗಳು’ ಎಂಬ 74 ತೋಪುಗಳ ಹಡಗು ಸಾವಿರದ ಮುನ್ನೂರರಷ್ಟು ಜನರನ್ನು ಹೊತ್ತು ಕೊನೆಯವರೆಗೆ ಐರಿಷ್ ತೀರದಲ್ಲಿ ಜೊತೆಗಾರರನ್ನು ಹುಡುಕುತ್ತಿತ್ತು. ಆಗಲೇ ಹೆಸರಿಸಿದ ಅಂಬೇರ್ ಅದರಲ್ಲಿದ್ದ. ಮರಳುವಾಗ ಜನವರಿ 13ರಂದು ಬ್ರಿಟನಿಯ ತೀರದಲ್ಲಿ ಅದಕ್ಕೆ ಎದುರಾದವನು ಮತ್ತೆ ಪೆಲ್ಯೂ, ಜೊತೆಗೆ ಅಮೆಜಾನ್ ಎಂಬ ಇನ್ನೊಂದು ಫ್ರಿಗೇಟು. ಸಮುದ್ರ ಎಷ್ಟು ಎದ್ದಿತ್ತೆಂದರೆ ಫ್ರೆಂಚ್ ಹಡಗು ತನ್ನ ಕೆಳ ಅಂತಸ್ತಿನ ದೊಡ್ಡ ತೋಪುಗಳ ಕಿಂಡಿಗಳನ್ನು ತೆರೆದರೆ ನೀರು ಒಳಗೆ ನುಗ್ಗುತ್ತಿತ್ತು, ತೆರೆಯದಿದ್ದರೆ ಹೊಡೆಯಲಾಗುತ್ತಿರಲಿಲ್ಲ. ರಾತ್ರಿಯಿಡೀ ಕಾಳಗ ನಡೆದು ಬೆಳಗಿನ ಜಾವ ಮೂರು ಹಡಗುಗಳೂ ಔದಿಯೆರ್ನ್ ಕೊಲ್ಲಿಯ ದಂಡೆಗೆ ಅಪಾಯಕರವಾಗಿ ಹತ್ತಿರವಾಗಿದ್ದವು. ಪೆಲ್ಯೂ ಹೇಗೋ ಹೊರಬಿದ್ದ, ಉಳಿದೆರಡು ದಡಕ್ಕೆ ಬಡಿದವು. ಅಮೆಜಾನಿನವರು ಬಹುತೇಕ ಎಲ್ಲರೂ ಬದುಕಿದರು. ಫ್ರೆಂಚ್ ಹಡಗಿನವರು ತಮ್ಮ ನೆಲ ಕಣ್ಣೆದುರಿಗಿದ್ದರೂ ದಿನಗಟ್ಟಲೆ ಅಲೆಗಳ ನಡುವೆ ಸಿಕ್ಕಿಬಿದ್ದು ನೂರಾರು ಜನ ಸತ್ತರು. ಆ ಹಡಗಿನಲ್ಲಿ ಕೈದಿಯಾಗಿದ್ದು ಬದುಕುಳಿದ ಬ್ರಿಟಿಷ್ ಅಧಿಕಾರಿಯೊಬ್ಬ ಮುಂದೆ ಅಲ್ಲಿಗೆ ಮರಳಿ ಬಂದು ಸತ್ತವರ ನೆನಪಿಗೆ ಅಕ್ಷರ ಕೆತ್ತಿಸಿದ ಕಲ್ಲು ಪ್ಲೊಜೆವೆ ಊರಿನ ಕಡಲತಡಿಯಲ್ಲಿ ಇಂದಿಗೂ ನಿಂತಿದೆ.

ಓಶ್ ಜನವರಿ ಮಧ್ಯದಲ್ಲಿ ಫ್ರಾನ್ಸಿನ ದಡ ಸೇರಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಟೋನ್ 1798ರ ಅಕ್ಟೋಬರಿನಲ್ಲಿ ಮತ್ತೊಂದು ದಂಡಯಾತ್ರೆಯೊಂದಿಗೆ ಹೋಗಿ ಸೆರೆಸಿಕ್ಕಿದ. ಅವನು ಸೆರೆಸಿಕ್ಕ ಹಡಗಿನ ಹೆಸರೇ ಓಶ್.

ಕಾರ್ಕ್‌ನಲ್ಲಿರುವ ಕನ್ನಡಿಗ

ಎರಡು ವಸ್ತುಗಳ ಬಗ್ಗೆ ಬರೆಯದೆ ಇರಲಾರೆ. ಮೊದಲನೆಯದು ಸುರ್ವೇಯಾಂತ್ ಎಂಬ ಫ್ರಿಗೇಟು. ನೀರು ನುಗ್ಗಿ ಕೆಲಸಕ್ಕೆ ಬಾರದಂತಾದ ಅದನ್ನು ಫ್ರೆಂಚರೇ 1797ರ ಜನವರಿ 2ರಂದು ಬ್ಯಾಂಟ್ರಿ ಕೊಲ್ಲಿಯಲ್ಲಿ ಮುಳುಗಿಸಿದರು. 1979ರ ಜನವರಿಯಲ್ಲಿ ಇಲ್ಲಿನ ವಿಡ್ಡಿ ದ್ವೀಪದ ತೈಲ ಕಟ್ಟೆಯಲ್ಲಿ ಬೆಟೆಲ್‌ಗಸ್ ಎಂಬ ಫ್ರೆಂಚ್ ತೈಲ ಹಡಗು ಸಿಡಿದು 50 ಜನ ಸತ್ತರು. ಆ ದುರಂತದ ಅವಶೇಷಗಳನ್ನು ತೆಗೆಯಲು ತಳವನ್ನು ಜಾಲಾಡುವಾಗ ಸಿಕ್ಕಿದ್ದು ಸುರ್ವೇಯಾಂತ್.

ಎರಡನೆಯದು ಒಂದು ದೋಣಿ, ಸುಮಾರು 38 ಅಡಿ ಉದ್ದದ್ದು, ಹುಟ್ಟು ಹಾಕುವುದಕ್ಕೂ ಹಾಯಿ ಕಟ್ಟುವುದಕ್ಕೂ ಬರುವಂಥದ್ದು. ಬಹುಕಾಲ ಬ್ಯಾಂಟ್ರಿ ಹೌಸ್‌ನಲ್ಲಿದ್ದು ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕಟ್ಟಿಗೆಯ ಮೈಯ ವಕ್ರರೇಖೆ ಬಹಳ ಸೊಗಸಾಗಿದೆ, ಅದರ ಅಳತೆಯಲ್ಲಿ ಇಂದಿಗೂ ಹಲವು ದೇಶಗಳ ತರುಣರು ದೋಣಿ ಕಟ್ಟಿ ಪಂದ್ಯ ಆಡುತ್ತಾರೆ. ಇದು ರೆಜೊಲ್ಯೂ ಎಂಬ ಫ್ರಿಗೇಟಿನದು. ಆ ಫ್ರಿಗೇಟು ಕೊಲ್ಲಿಯ ಬಾಯಲ್ಲಿ ತಮ್ಮದೇ ಪಡೆಯ ರೆದುತಾಬ್ಲ್‌ಗೆ ಡಿಕ್ಕಿಯಾಗಿ ಪಟಸ್ತಂಭಗಳನ್ನು ಕಳೆದುಕೊಂಡಿತ್ತು. ನಮ್ಮನ್ನು ಯಾರಾದರೂ ಎಳೆದುಕೊಂಡು ಹೋಗಿ ಎಂದು ಬೂವೆಯನ್ನು ಕೇಳಲು ಒಬ್ಬ ಲೆಫ್ಟಿನೆಂಟನನ್ನು ಕೆಲವು ನಾವಿಕರೊಡನೆ ಈ ದೋಣಿಯಲ್ಲಿ ಕಳಿಸಿದರು. ಅಲೆಗಳು ಅದನ್ನು ಬೇರ್ ದ್ವೀಪದ ದಡಕ್ಕೆ ಎತ್ತಿ ಹಾಕಿದವು, ಅಲ್ಲಿ ಅವರು ಸೆರೆಯಾದರು.